ಸಾಕೆ ಸವಿಯುವ ಬಗೆ: ಲೇಬಲ್ಲಿನಿಂದ ಊಟದ ತಟ್ಟೆಯವರೆಗೆ

ಜಪಾನಿನ ಅಕ್ಕಿ ಮದ್ಯವಾದ ಸಾಕೆಯ ಬಾಟಲಿ ಕೈಗೆ ಬಂದಾಗ ಹೆಚ್ಚಿನವರು ಒಂದೋ ಅದನ್ನು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡುತ್ತಾರೆ, ಇಲ್ಲವೇ ಹಬೆಯಾಡುವಷ್ಟು ಬಿಸಿ ಮಾಡುತ್ತಾರೆ. ಎರಡರಲ್ಲೂ ಒಳಗಿನ ರುಚಿ ಬಾಯಿಗೆ ಸಿಗುವುದಿಲ್ಲ. 5 ಡಿಗ್ರಿಯಿಂದ 55 ಡಿಗ್ರಿ ಸೆಲ್ಸಿಯಸ್‌ವರೆಗೆ ನಾನಾ ಉಷ್ಣತೆಗಳಲ್ಲಿ ಕುಡಿಯುವ ಪರಿಪಾಠವಿರುವ ಪಾನೀಯ ಇದು. ಒಂದೇ ಬಾಟಲಿ 10 ಡಿಗ್ರಿಯಲ್ಲಿ ಒಂದು ಅಡುಗೆಗೆ ಒಪ್ಪುತ್ತದೆ, 45 ಡಿಗ್ರಿಯಲ್ಲಿ ಇನ್ನೊಂದಕ್ಕೆ. ಹಾಗಾಗಿ ಸಾಕೆಯ ರುಚಿ ಕಲಿಯಬೇಕೆನ್ನುವವರು ದುಬಾರಿ ಬಾಟಲಿಗಿಂತ ಮೊದಲು ಅಡುಗೆಮನೆಗೆ ಒಂದು ಥರ್ಮಾಮೀಟರ್ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಹೆಸರಿನ ಬಗ್ಗೆ ಒಂದು ಮಾತು. ಜಪಾನಿ ಭಾಷೆಯಲ್ಲಿ ‘ಸಾಕೆ’ ಎಂದರೆ ಯಾವ ಮದ್ಯವೂ ಆಗಬಹುದು. ನಾವು ಮಾತಾಡುತ್ತಿರುವ ಅಕ್ಕಿಯ ಪಾನೀಯಕ್ಕೆ ಅಲ್ಲಿನವರು ‘ನಿಹೊನ್‌ಶು’ ಎನ್ನುತ್ತಾರೆ. ಜಪಾನಿನ ಹೋಟೆಲಿನಲ್ಲಿ ಕೇಳುವಾಗ ಈ ಪದ ಬಳಸಿದರೆ ಗೊಂದಲವಿಲ್ಲ.

ಬಾಟಲಿಯೊಳಗೆ ಏನಿದೆ

ಅಕ್ಕಿ, ನೀರು, ಕೋಜಿ, ಯೀಸ್ಟ್. ದ್ರಾಕ್ಷಿಯಲ್ಲಿ ಸಕ್ಕರೆ ಮೊದಲೇ ಇರುತ್ತದೆ, ಅಕ್ಕಿಯಲ್ಲಿರುವುದು ಪಿಷ್ಟ, ಅದನ್ನು ಯೀಸ್ಟ್ ನೇರವಾಗಿ ತಿನ್ನಲಾರದು. ಹಬೆಯಲ್ಲಿ ಬೆಂದ ಅಕ್ಕಿಯ ಮೇಲೆ ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟನ್ನು ಸುಮಾರು ಎರಡು ದಿನ ಬೆಳೆಸಿದಾಗ ಸಿಗುವುದೇ ಕೋಜಿ. ಅದರ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಅದೇ ತೊಟ್ಟಿಯಲ್ಲಿ, ಅದೇ ಹೊತ್ತಿನಲ್ಲಿ, ಯೀಸ್ಟ್ ಆ ಸಕ್ಕರೆಯನ್ನು ಆಲ್ಕೊಹಾಲ್ ಮಾಡುತ್ತದೆ. ಸಕ್ಕರೆ ಸ್ವಲ್ಪ ಸ್ವಲ್ಪವೇ ಒದಗುವುದರಿಂದ ಯೀಸ್ಟ್ ದಣಿಯದೆ ಶೇ. 20ರ ಹತ್ತಿರದವರೆಗೆ ಕೆಲಸ ಮಾಡುತ್ತದೆ. ಆಮೇಲೆ ನೀರು ಬೆರೆಸಿ ಸಾಮಾನ್ಯವಾಗಿ ಶೇ. 15-16ಕ್ಕೆ ತರುತ್ತಾರೆ. ನೀರು ಬೆರೆಸದೆ ಬಿಟ್ಟದ್ದು ‘ಗೆಂಶು’. ಕೋಜಿಯಿಂದ ಸಾಕೆ ಮುಂತಾದವನ್ನು ತಯಾರಿಸುವ ಜಪಾನಿನ ಸಾಂಪ್ರದಾಯಿಕ ಕೌಶಲವನ್ನು ಯುನೆಸ್ಕೊ 2024ರ ಡಿಸೆಂಬರ್‌ನಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಡ್ಲಿ ಹಿಟ್ಟು ರುಬ್ಬುವ ಮನೆಯವರಿಗೆ ಸಾಕೆಯ ಒಂದು ಘಟ್ಟ ತೀರಾ ಪರಿಚಿತ ಅನ್ನಿಸೀತು. ‘ಕಿಮೊತೊ’ ಎಂಬ ಹಳೆಯ ವಿಧಾನದಲ್ಲಿ ಯೀಸ್ಟ್ ಬೆಳೆಸುವ ಮೊದಲ ಹುದುಗಿಗೆ ಹೊರಗಿನಿಂದ ಹುಳಿ ಹಾಕುವುದಿಲ್ಲ. ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಮೊದಲು ಬೆಳೆದು ಹುಳಿ ಹಿಡಿಸುತ್ತದೆ. ರಾತ್ರಿಯಿಡೀ ಇಡ್ಲಿ ಹಿಟ್ಟನ್ನು ಉಬ್ಬಿಸುವುದೂ ಮುಖ್ಯವಾಗಿ ಇದೇ. ಆ ಹುಳಿ ಬೇಡದ ಸೂಕ್ಷ್ಮಜೀವಿಗಳನ್ನು ದೂರವಿಡುತ್ತದೆ. ಈ ಹುದುಗಿಗೆ ಸುಮಾರು ನಾಲ್ಕು ವಾರ ಬೇಕು. ಇಂದು ಹೆಚ್ಚು ಬಳಕೆಯಲ್ಲಿರುವ ‘ಸೊಕುಜೊ’ ವಿಧಾನದಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ನೇರವಾಗಿ ಹಾಕಿ ಎರಡು ವಾರದಲ್ಲಿ ಮುಗಿಸುತ್ತಾರೆ. ಲೇಬಲ್ಲಿನಲ್ಲಿ ಕಿಮೊತೊ ಅಥವಾ ಅದರ ಸರಳ ರೂಪವಾದ ‘ಯಾಮಾಹಾಯ್’ ಎಂದಿದ್ದರೆ ಹುಳಿ ಮತ್ತು ಗಾಢತೆ ಹೆಚ್ಚೆಂದು ನಿರೀಕ್ಷಿಸಿ. ಊಟದ ಜೊತೆಗೆ ನಮ್ಮ ಮೊದಲ ಆಯ್ಕೆ ಇವೇ.

ಲೇಬಲ್ ಓದುವುದು

ಅಕ್ಕಿಯ ಹೊರಪದರದಲ್ಲಿ ಪ್ರೋಟೀನು, ಕೊಬ್ಬು ಹೆಚ್ಚು, ನಡುವೆ ಪಿಷ್ಟ. ಹೊರಪದರವನ್ನು ಉಜ್ಜಿ ತೆಗೆದ ಮೇಲೆ ಕಾಳು ಎಷ್ಟು ಉಳಿಯಿತು ಎಂಬ ಶೇಕಡಾವಾರು ಅಂಕಿಯೇ ‘ಸೇಮಾಯ್‌ಬುವಾಯ್’. ಶೇ. 60 ಎಂದಿದ್ದರೆ ಶೇ. 40ರಷ್ಟು ತೌಡಾಗಿ, ಹಿಟ್ಟಾಗಿ ಹೋಗಿದೆ ಎಂದರ್ಥ. ಕಾಳು ಶೇ. 60 ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದರೆ ಗಿಂಜೋ, ಶೇ. 50 ಅಥವಾ ಕಡಿಮೆಯಾದರೆ ದಾಯ್‌ಗಿಂಜೋ, ಶೇ. 70 ಅಥವಾ ಕಡಿಮೆಯಾದರೆ ಹೊಂಜೋಜೋ. ಹೆಸರಿನ ಮುಂದೆ ‘ಜುನ್ಮಾಯ್’ ಇದ್ದರೆ ಹೊರಗಿನ ಆಲ್ಕೊಹಾಲ್ ಸೇರಿಸಿಲ್ಲ. ಬರೀ ಜುನ್ಮಾಯ್‌ಗೆ 2004ರಿಂದ ಉಜ್ಜುವಿಕೆಯ ಮಿತಿ ಇಲ್ಲ. ಇವುಗಳಲ್ಲಿ ಯಾವ ದರ್ಜೆಗೂ ಸೇರದ್ದು ‘ಫುತ್ಸೂಶು’, ಅಂದರೆ ಸಾಮಾನ್ಯ ಸಾಕೆ.

ಆಲ್ಕೊಹಾಲ್ ಸೇರಿಸುವುದನ್ನು ಕಲಬೆರಕೆ ಎಂದುಕೊಳ್ಳಬೇಡಿ. ಹುದುಗಿದ ಅಕ್ಕಿಯನ್ನು ಹಿಂಡುವ ಮುನ್ನ ಅಳತೆಯಲ್ಲಿ ಹಾಕಿದಾಗ ಅದು ಗಸಿಯಲ್ಲಿ ಸಿಕ್ಕಿಕೊಂಡ ಪರಿಮಳವನ್ನು ದ್ರವಕ್ಕೆ ಎಳೆದು ತರುತ್ತದೆ, ಬಾಯಲ್ಲಿ ರುಚಿ ಚೊಕ್ಕವಾಗಿ ಮುಗಿಯುತ್ತದೆ. ಮೇಲಿನ ದರ್ಜೆಗಳಲ್ಲಿ ಹೀಗೆ ಸೇರಿಸುವ ಆಲ್ಕೊಹಾಲ್, ಉಜ್ಜಿದ ಅಕ್ಕಿಯ ತೂಕದ ಶೇ. 10ನ್ನು ಮೀರುವಂತಿಲ್ಲ.

ಅಂಗಡಿಯಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವ ಅಂಕಿಯೆಂದರೆ ಈ ಉಜ್ಜುವಿಕೆಯ ಅಂಕಿಯೇ. ಹೆಚ್ಚು ಉಜ್ಜಿದಷ್ಟೂ ಬೆಲೆ ಏರುತ್ತದೆ, ಹಣ್ಣಿನ ಘಮ ಏರುತ್ತದೆ. ಊಟಕ್ಕೆ ಹೊಂದುವ ಗುಣ ಮಾತ್ರ ಜೊತೆಗೆ ಏರುವುದಿಲ್ಲ. ಸೇಬು, ಕರಬೂಜದಂತೆ ಘಮ್ಮೆನ್ನುವ ದಾಯ್‌ಗಿಂಜೋ ಒಂಟಿಯಾಗಿ ಚೆನ್ನ. ಸೋಯಾ ಸಾಸ್ ಹಾಕಿ ಬೇಯಿಸಿದ ಮೀನಿನ ಜೊತೆ ಅದು ಹಣ್ಣಿನ ಬುಟ್ಟಿಯನ್ನು ಅಡುಗೆಯೊಳಗೆ ಕವುಚಿದಂತಾಗುತ್ತದೆ. ದಿನದ ಊಟಕ್ಕೆ ಶೇ. 60-70ರ ಜುನ್ಮಾಯ್ ಕೊಳ್ಳಿ, ಉಳಿದ ಹಣದಲ್ಲಿ ಒಳ್ಳೆಯ ಮೀನು ತನ್ನಿ.

ಇನ್ನೆರಡು ಅಂಕಿಗಳು ಹಿಂಬದಿಯ ಲೇಬಲ್ಲಿನಲ್ಲಿರುತ್ತವೆ. ‘ನಿಹೊನ್‌ಶು-ದೊ’ ಸಾಂದ್ರತೆಯ ಅಳತೆ: ಪ್ಲಸ್ ಏರಿದಷ್ಟೂ ಸಿಹಿ ಕಡಿಮೆ, ಮೈನಸ್ ಇದ್ದರೆ ಸಿಹಿ. ‘ಸಾನ್‌ದೊ’ ಹುಳಿಯ ಅಳತೆ, ಹೆಚ್ಚಾಗಿ 1.0ರಿಂದ 2.0ರ ನಡುವೆ. ಎರಡನ್ನೂ ಒಟ್ಟಿಗೆ ಓದಬೇಕು. +3 ಇದ್ದು ಹುಳಿ 1.1 ಇದ್ದರೆ ಹಗುರ, ನಯ. ಅದೇ +3ಕ್ಕೆ ಹುಳಿ 1.9 ಇದ್ದರೆ ನಾಲಿಗೆಗೆ ಹೆಚ್ಚು ಖಡಕ್ಕಾಗಿ ತೋರುತ್ತದೆ, ಎಣ್ಣೆ ಪದಾರ್ಥಕ್ಕೂ ಜಗ್ಗುವುದಿಲ್ಲ.

ಕೊನೆಗೆ, ಲೇಬಲ್ಲಿನಲ್ಲಿ ಹಾಕಿದ್ದರೆ, ತಿಂಗಳು ಮತ್ತು ವರ್ಷ ನೋಡಿ. ಅದು ಬಾಟಲಿಗೆ ತುಂಬಿಸಿದ ಕಾಲವನ್ನು ಹೇಳುತ್ತದೆ. ಹಳತಾಗಲೆಂದೇ ಇಟ್ಟ ‘ಕೊಶು’ ಬಿಟ್ಟರೆ, ಒಂದು ವರ್ಷ ದಾಟಿದ್ದನ್ನು, ಅದರಲ್ಲೂ ಬೆಳಕು ಬೀಳುವ ಕಪಾಟಿನಲ್ಲಿ ನಿಂತದ್ದನ್ನು, ಮುಟ್ಟದಿರುವುದು ಲೇಸು.

ರುಚಿ ನೋಡುವ ಕ್ರಮ

ಜಪಾನಿನ ಸಾಕೆ ಸರ್ವಿಸ್ ಇನ್‌ಸ್ಟಿಟ್ಯೂಟ್ ಸಾಕೆಯನ್ನು ಘಮ ಮತ್ತು ರುಚಿಯ ಪ್ರಕಾರ ನಾಲ್ಕು ಗುಂಪು ಮಾಡುತ್ತದೆ: ಪರಿಮಳದ ‘ಕುನ್‌ಶು’, ಹಗುರವಾದ ‘ಸೋಶು’, ಅನ್ನದ ಗಾಢತೆಯಿರುವ ‘ಜುನ್‌ಶು’, ಹಳತಾಗಿ ಮಾಗಿದ ‘ಜುಕುಶು’. ಮೊದಲ ಸಲಕ್ಕೆ ಗುಂಪಿಗೊಂದರಂತೆ 300 ಮಿ.ಲೀ. ಬಾಟಲಿ ಸಿಕ್ಕರೆ ಸಾಕು: ಒಂದು ಗಿಂಜೋ, ಒಂದು ಹೊಂಜೋಜೋ, ಒಂದು ಯಾಮಾಹಾಯ್ ಜುನ್ಮಾಯ್, ಒಂದು ಕೊಶು. ನಾಲ್ಕು ಮಂದಿ ಕೂತು ರುಚಿ ನೋಡಲು ಧಾರಾಳವಾಯಿತು.

ವೃತ್ತಿಯವರ ಪಾತ್ರೆ ‘ಕಿಕಿಚೊಕೊ’. ಬಿಳಿ ಪಿಂಗಾಣಿ, 180 ಮಿ.ಲೀ., ತಳದಲ್ಲಿ ಹಾವಿನ ಕಣ್ಣಿನಂತೆ ಎರಡು ನೀಲಿ ವೃತ್ತ. ಬಿಳಿಯ ಮೇಲೆ ಬಣ್ಣ ಕಾಣುತ್ತದೆ. ನೀಲಿಯ ಅಂಚು ಚಾಕುವಿನಿಂದ ಗೀರಿದಂತೆ ಚೂಪಾಗಿ ಕಂಡರೆ ದ್ರವ ತಿಳಿಯಾಗಿದೆ, ಮಸುಕಾಗಿದ್ದರೆ ಒಳಗೆ ಮಬ್ಬಿದೆ. ಮನೆಯಲ್ಲಿ ಇದಿಲ್ಲದಿದ್ದರೆ ಒಂದು ಬಿಳಿ ಪಿಂಗಾಣಿ ಬಟ್ಟಲು ಮತ್ತು ಒಂದು ವೈಟ್ ವೈನ್ ಗ್ಲಾಸ್ ಇಟ್ಟುಕೊಳ್ಳಿ. ಎರಡನ್ನೂ ವಾಸನೆಯಿಲ್ಲದಂತೆ ಬಿಸಿನೀರಿನಲ್ಲಿ ತೊಳೆಯಿರಿ. ಅಗರಬತ್ತಿ, ಸೆಂಟು, ಒಗ್ಗರಣೆಯ ಹೊಗೆ ಯಾವುದೂ ಕೋಣೆಯಲ್ಲಿರಬಾರದು.

1. ಬಾಟಲಿಗಳನ್ನು 15-20 ಡಿಗ್ರಿಗೆ ತನ್ನಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ನೋಡಿದರೆ ಘಮ ಮಲಗಿರುತ್ತದೆ, ದೋಷವೂ ಅಡಗಿರುತ್ತದೆ.

2. ತಲಾ 30 ಮಿ.ಲೀ. ಸುರಿಯಿರಿ. ಹಗುರದಿಂದ ಗಾಢಕ್ಕೆ, ಹೊಸದರಿಂದ ಹಳತಿಗೆ ಸಾಗಿ. ಕೊಶುವನ್ನು ಮೊದಲು ಬಾಯಿಗಿಟ್ಟರೆ ಆಮೇಲಿನ ಗಿಂಜೋ ಬರೀ ನೀರಿನಂತೆ ಕಾಣುತ್ತದೆ.

3. ಬಣ್ಣ ನೋಡಿ. ಹೊಸ ಸಾಕೆಗೆ ಎಳೆಯ ಹಳದಿ-ಹಸಿರಿನ ಛಾಯೆ ಸಹಜ. ಇದ್ದಿಲಿನಿಂದ ಸೋಸಿದ್ದರೆ ಬಣ್ಣವೇ ಇರುವುದಿಲ್ಲ. ಜೇನಿನ ಬಣ್ಣ ಕೊಶುವಿಗೆ ಶೋಭೆ, ಗಿಂಜೋದಲ್ಲಿ ಎಚ್ಚರಿಕೆಯ ಗಂಟೆ.

4. ಗ್ಲಾಸನ್ನು ವೈನಿನಂತೆ ಗಿರಗಿರ ತಿರುಗಿಸಬೇಡಿ, ಮೆಲ್ಲಗೆ ಒಮ್ಮೆ ಅಲುಗಿಸಿ ಮೂಸಿ. ಬಾಳೆಹಣ್ಣಿನ ಘಮ ಐಸೊಅಮೈಲ್ ಅಸಿಟೇಟ್‌ನದು, ಸೇಬಿನದು ಎಥೈಲ್ ಕ್ಯಾಪ್ರೊಯೇಟ್‌ನದು. ಎರಡನ್ನೂ ಹುಟ್ಟಿಸುವುದು ಯೀಸ್ಟ್. ಜುನ್ಮಾಯ್‌ನಲ್ಲಿ ಬಿಸಿ ಅನ್ನ, ಗಂಜಿ, ಮೊಸರು, ಅಣಬೆಯ ನೆನಪು ಬರುತ್ತದೆ.

5. ಒಂದು ಟೀ ಚಮಚದಷ್ಟು, ಸುಮಾರು 5 ಮಿ.ಲೀ., ಬಾಯಿಗೆ ಹಾಕಿ ನಾಲಿಗೆಯ ಎಲ್ಲ ಕಡೆ ಹರಡಿ. ತುಟಿಯನ್ನು ಸ್ವಲ್ಪವೇ ತೆರೆದು ಗಾಳಿ ಒಳಗೆಳೆದು, ಮೂಗಿನಿಂದ ಹೊರಬಿಡಿ. ಈಗ ಸಿಗುವುದು ‘ಫುಕುಮಿಕಾ’, ಬಾಯೊಳಗಿನ ಘಮ. ಮೂಗಿಗೆ ಸಪ್ಪೆ ಕಂಡ ಎಷ್ಟೋ ಸಾಕೆಗಳು ಇಲ್ಲಿ ತೆರೆದುಕೊಳ್ಳುತ್ತವೆ.

6. ಉಗಿಯಿರಿ ಅಥವಾ ನುಂಗಿ, ಮತ್ತೆ ಐದಾರು ಸೆಕೆಂಡ್ ಸುಮ್ಮನಿರಿ. ರುಚಿ ಕತ್ತರಿಸಿದಂತೆ ನಿಂತಿತೋ ಎಳೆಯೆಳೆಯಾಗಿ ಉಳಿಯಿತೋ ಗಮನಿಸಿ. ಚೊಕ್ಕ ಮುಕ್ತಾಯಕ್ಕೆ ‘ಕಿರೆ’ ಎಂಬ ಪದವಿದೆ. ಊಟಕ್ಕೆ ಯಾವುದು ಹೊಂದೀತು ಎಂಬ ತೀರ್ಮಾನ ಬಹುಪಾಲು ಇಲ್ಲೇ ಆಗುತ್ತದೆ.

7. ಸಿಹಿ, ಹುಳಿ, ಕಹಿ, ಉಮಾಮಿ (ಸಾರಿನಂಥ ಗಾಢ ರುಚಿ), ಮುಕ್ತಾಯ ಐದನ್ನೂ ಒಂದೊಂದು ಸಾಲಿನಲ್ಲಿ ಬರೆದಿಟ್ಟು, ನೀರು ಕುಡಿದು ಮುಂದಿನದಕ್ಕೆ ಹೋಗಿ.

ಸಾಕೆಯ ಜೊತೆಗೆ ಕುಡಿಯುವ ನೀರಿಗೆ ಜಪಾನಿನಲ್ಲಿ ‘ಯಾವರಾಗಿ ಮಿಜು’ ಎಂಬ ಹೆಸರೇ ಇದೆ. ಸಾಕೆಯಷ್ಟೇ ನೀರನ್ನೂ ಕುಡಿಯಿರಿ. ಒಂದು ‘ಗೊ’, ಅಂದರೆ 180 ಮಿ.ಲೀ. ಸಾಕೆಯಲ್ಲಿ ಸುಮಾರು 21 ಗ್ರಾಂ ಆಲ್ಕೊಹಾಲ್ ಇರುತ್ತದೆ. ಚಿಕ್ಕ ಬಟ್ಟಲಿನಲ್ಲಿ ಮತ್ತೆ ಮತ್ತೆ ಸುರಿಯುವಾಗ ಲೆಕ್ಕ ತಪ್ಪುವುದು ಸುಲಭ.

ಕೆಟ್ಟದ್ದನ್ನು ಗುರುತಿಸುವುದು

ಬೆಚ್ಚಗಿನ ಕಪಾಟಿನಲ್ಲಿ ಬಹುಕಾಲ ನಿಂತ ಸಾಕೆಗೆ ‘ಹಿನೆಕಾ’ ಬರುತ್ತದೆ. ಹಳೆಯ ಮೂಲಂಗಿ ಉಪ್ಪಿನಕಾಯಿಯ, ಬೆಂದು ಹಳಸಿದ ಎಲೆಕೋಸಿನ ಕಮಟು. ಗಂಧಕದ ಸಂಯುಕ್ತವಾದ ಡೈಮೀಥೈಲ್ ಟ್ರೈಸಲ್ಫೈಡ್ ಇದರ ಮುಖ್ಯ ಕಾರಣ. ಬಿಸಿಲು ಅಥವಾ ಟ್ಯೂಬ್‌ಲೈಟ್ ತಾಗಿದರೆ ಬಣ್ಣ ಹಳದಿಗೆ ತಿರುಗಿ, ಕೂದಲು ಸುಟ್ಟಂಥ ವಾಸನೆ ಬರುತ್ತದೆ. ಕಂದು ಬಾಟಲಿ ಇದನ್ನು ಚೆನ್ನಾಗಿ ತಡೆಯುತ್ತದೆ, ಪಾರದರ್ಶಕ ಬಾಟಲಿ ತಡೆಯುವುದಿಲ್ಲ. ಸೋಸಿದ ಸಾಕೆ ಮಬ್ಬಾಗಿ ಹುಳಿ ನಾರಿದರೆ ಆಲ್ಕೊಹಾಲ್ ತಾಳುವ ಬ್ಯಾಕ್ಟೀರಿಯಾ ಸೇರಿಕೊಂಡಿದೆ. ಪಾಶ್ಚರೀಕರಿಸದ ‘ನಾಮಾ’ ಸಾಕೆಯಲ್ಲಿ ಇದರ ಅಪಾಯ ಹೆಚ್ಚು. ಆದರೆ ‘ನಿಗೊರಿ’ ಮಬ್ಬಾಗಿರುವುದು ದೋಷವಲ್ಲ. ಅದನ್ನು ಒರಟಾಗಿ ಸೋಸಿ ಅಕ್ಕಿಯ ಗಸಿಯನ್ನು ಬೇಕೆಂದೇ ಉಳಿಸಿರುತ್ತಾರೆ.

ಬಿಸಿ ಮಾಡುವುದು

ಇಲ್ಲಿ ಆತುರ ಬೇಡ, ಇಡೀ ಕಲಿಕೆಯ ತಿರುಳಿರುವುದು ಇಲ್ಲಿ. ಜಪಾನಿಯರು ಐದೈದು ಡಿಗ್ರಿಗೊಂದು ಹೆಸರಿಟ್ಟಿದ್ದಾರೆ. 5 ಡಿಗ್ರಿ ‘ಯುಕಿಬಿಯೆ’, ಹಿಮದ ತಂಪು. 10 ‘ಹಾನಾಬಿಯೆ’, ಹೂವಿನ ತಂಪು. 15 ‘ಸುಜುಬಿಯೆ’. ಬಿಸಿಯ ಕಡೆಗೆ 30 ‘ಹಿನಾತಾಕಾನ್’, ಎಳೆಬಿಸಿಲಿನ ಬೆಚ್ಚಗೆ. 35 ‘ಹಿತೊಹಾದಾಕಾನ್’, ಮೈ ಬಿಸಿ. 40 ‘ನುರುಕಾನ್’, 45 ‘ಜೋಕಾನ್’, 50 ‘ಆತ್ಸುಕಾನ್’, 55 ದಾಟಿದರೆ ‘ತೊಬಿಕಿರಿಕಾನ್’.

ಬಿಸಿ ಏರಿದಂತೆ ನಾಲಿಗೆಗೆ ಸಿಹಿ ಮತ್ತು ಉಮಾಮಿ ಹೆಚ್ಚು ತಿಳಿಯುತ್ತವೆ. ಲ್ಯಾಕ್ಟಿಕ್, ಸಕ್ಸಿನಿಕ್ ಆಮ್ಲಗಳು ಬೆಚ್ಚಗಿದ್ದಾಗ ದುಂಡಗಾಗಿ ರುಚಿಸುತ್ತವೆ. ಮ್ಯಾಲಿಕ್ ಆಮ್ಲದ ಚುರುಕು ಚೆನ್ನಾಗಿರುವುದು ತಣ್ಣಗಿದ್ದಾಗ. ಕಿಮೊತೊ, ಯಾಮಾಹಾಯ್ ಬಿಸಿಗೆ ಅರಳುವುದೂ, ಗಿಂಜೋ ತಂಪಿನಲ್ಲಿ ಹೊಳೆಯುವುದೂ ಹೀಗಾಗಿಯೇ. ಘಮದ ಗಿಂಜೋವನ್ನು 50 ಡಿಗ್ರಿಗೆ ಒಯ್ದರೆ ಪರಿಮಳ ಹಾರಿಹೋಗಿ ಕಹಿ ಉಳಿಯುತ್ತದೆ.

ತೊಕ್ಕುರಿ ಎಂಬ ಕತ್ತು ಸಪೂರವಾದ ಹೂಜಿಗೆ ಸಾಕೆಯನ್ನು ಮುಕ್ಕಾಲಿಗಿಂತ ತುಸು ಹೆಚ್ಚು ತುಂಬಿಸಿ. ಬಿಸಿಯಾದಾಗ ಅದು ಹಿಗ್ಗಿ ಕತ್ತಿನತ್ತ ಏರುತ್ತದೆ, ಜಾಗ ಬೇಕು. ಘಮ ಹೋಗದಂತೆ ಬಾಯಿಗೊಂದು ಪುಟ್ಟ ತಟ್ಟೆ ಮುಚ್ಚಿ. ಪಾತ್ರೆಯಲ್ಲಿ ನೀರು ಕುದಿಸಿ, ಒಲೆ ಆರಿಸಿ, ಒಂದು ನಿಮಿಷ ಬಿಡಿ. ತೊಕ್ಕುರಿಯ ಭುಜ ಮುಳುಗುವಷ್ಟು ನೀರಿರಲಿ. 180 ಮಿ.ಲೀ. ಸಾಕೆ ಕೋಣೆಯ ಉಷ್ಣತೆಯಲ್ಲಿದ್ದರೆ ಎರಡು-ಮೂರು ನಿಮಿಷದಲ್ಲಿ 40-45ರ ಆಸುಪಾಸಿಗೆ ಬರುತ್ತದೆ. ಪಿಂಗಾಣಿಯ ದಪ್ಪಕ್ಕೆ ತಕ್ಕಂತೆ ಇದು ಬದಲಾಗುವುದರಿಂದ ಗಡಿಯಾರಕ್ಕಿಂತ ಥರ್ಮಾಮೀಟರನ್ನು ನಂಬಿ. ಅಳೆಯುವ ಮುಂಚೆ ಒಮ್ಮೆ ಕಲಕಿ, ಮೇಲಿನ ಪದರ ತಳಕ್ಕಿಂತ ಬಿಸಿಯಾಗಿರುತ್ತದೆ. ಒಲೆಯ ಮೇಲೆ ನೇರವಾಗಿ ಇಡುವುದು ಬೇಡ, ಅಂಚು ಕುದಿದು ಆಲ್ಕೊಹಾಲ್ ಮೂಗಿಗೆ ಚುಚ್ಚುತ್ತದೆ. ಮೈಕ್ರೋವೇವ್‌ನಲ್ಲಿ ಕತ್ತಿನ ಭಾಗ ಸುಡುತ್ತದೆ, ತಳ ತಣ್ಣಗಿರುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಅರ್ಧದಲ್ಲಿ ತೆಗೆದು ಕಲಕಿ ಮತ್ತೆ ಇಡಿ.

ಈಗ ಅಭ್ಯಾಸ. ಒಂದೇ ಯಾಮಾಹಾಯ್ ಜುನ್ಮಾಯ್ ಬಾಟಲಿಯಿಂದ ಮೂರು ಬಟ್ಟಲು ಮಾಡಿ: 10 ಡಿಗ್ರಿ, 20 ಡಿಗ್ರಿ, 45 ಡಿಗ್ರಿ. ಪಕ್ಕದಲ್ಲಿ ಉಪ್ಪು ಹಚ್ಚಿ ಸುಟ್ಟ ಬಂಗುಡೆಯ ಒಂದು ತುಂಡು. ಮೀನನ್ನು ಅಗಿದು, ನುಂಗುವ ಮೊದಲೇ ಒಂದು ಗುಟುಕು ಸಾಕೆ ಸೇರಿಸಿ. ಅನ್ನ ಮತ್ತು ನೆಂಜಿಕೊಳ್ಳುವುದನ್ನು ಬಾಯಲ್ಲೇ ಬೆರೆಸುವ ಈ ಅಭ್ಯಾಸಕ್ಕೆ ಜಪಾನಿನಲ್ಲಿ ‘ಕೋನಾಯ್ ಚೋಮಿ’ ಎನ್ನುತ್ತಾರೆ. 10 ಡಿಗ್ರಿಯ ಸಾಕೆಯಲ್ಲಿ ಹುಳಿ ಮುಂದೆ ನಿಂತು ಮೀನಿನ ಕೊಬ್ಬು ಗಟ್ಟಿಯಾದಂತೆ ತೋರುತ್ತದೆ. 20ರಲ್ಲಿ ಎರಡೂ ಪಕ್ಕಪಕ್ಕ ನಡೆಯುತ್ತವೆ. 45ರಲ್ಲಿ ಕೊಬ್ಬು ಕರಗಿ ಸಾಕೆಯೊಳಗೆ ಸೇರಿ, ಸಾರಿನಂಥ ಒಂದೇ ರುಚಿ ನಾಲಿಗೆಯ ಮೇಲೆ ಉಳಿಯುತ್ತದೆ.

ತಟ್ಟೆಯ ಜೊತೆ

ಮೀನಿಗೂ ಸಾಕೆಗೂ ಏಕಿಷ್ಟು ಹೊಂದಾಣಿಕೆ? ಒಂದು, ಕಬ್ಬಿಣ. ವೈನಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಮೀನಿನ ಕೊಬ್ಬಿನೊಡನೆ ಸೇರಿ ಬಾಯಲ್ಲಿ ನೀಸು ವಾಸನೆ ಎಬ್ಬಿಸುತ್ತದೆ. ಸಾಕೆಯ ಬಣ್ಣ ಮತ್ತು ಘಮ ಕೆಡುತ್ತದೆಂದು ತಯಾರಕರು ನೀರಿನಲ್ಲಿ ಕಬ್ಬಿಣ 0.02 ಪಿಪಿಎಂಗಿಂತ ಹೆಚ್ಚಿರದಂತೆ ನೋಡಿಕೊಳ್ಳುತ್ತಾರೆ. ಎರಡು, ಉಮಾಮಿ. ಜಪಾನಿನ ರಸಾಯನ ವಿಜ್ಞಾನಿ ಇಕೆಡಾ ಕಿಕುನಾಯೆ 1908ರಲ್ಲಿ ಕೊಂಬು ಕಡಲಪಾಚಿಯಿಂದ ಬೇರ್ಪಡಿಸಿದ ಗ್ಲುಟಮೇಟ್ ಸಾಕೆಯಲ್ಲೂ ಇದೆ. ಮೀನು, ಮಾಂಸದಲ್ಲಿರುವ ಇನೊಸಿನೇಟ್ ಅದರೊಡನೆ ಸೇರಿದಾಗ ಉಮಾಮಿ ಹಲವು ಪಟ್ಟು ತೀವ್ರವಾಗುತ್ತದೆ.

ಹೊಂದಿಸುವಾಗ ಮೊದಲು ತೂಕ ನೋಡಿ, ಆಮೇಲೆ ಘಮ. ಬಿಳಿ ಮೀನಿನ ಸಾಶಿಮಿ (ಹಸಿ ಮೀನಿನ ಹೋಳು), ತಣ್ಣನೆಯ ತೋಫು, ಎದಮಾಮೆಗೆ (ಎಳೆ ಸೋಯಾ ಕಾಯಿ) 10-15 ಡಿಗ್ರಿಯ ಹಗುರ ಹೊಂಜೋಜೋ. ಜಪಾನಿನ ನಿಈಗಾತಾ ಪ್ರಾಂತ್ಯದ ‘ತಾನ್‌ರೇಯ್ ಕಾರಾಕುಚಿ’, ಅಂದರೆ ತಿಳಿಯಾಗಿ ಸಿಹಿ ಕಡಿಮೆಯಿರುವ ಶೈಲಿ ಇಲ್ಲಿ ಸರಿಯಾಗಿ ಕೂರುತ್ತದೆ. ಕೊಬ್ಬಿದ ಟ್ಯೂನಾಗೆ ಅದು ಸಾಲದು, ಜುನ್ಮಾಯ್ ಬೇಕು. ಹಸಿ ಸಿಂಪಿಗೆ ಹಿರೊಷಿಮಾದ ಮೆದು ನೀರಿನ ಜುನ್ಮಾಯ್ ತಂದುಕೊಳ್ಳಿ, ಸಿಂಪಿಯೂ ಆ ಸೀಮೆಯ ಹೆಸರಾಂತ ಬೆಳೆಯೇ. ಹಿಟ್ಟಿನಲ್ಲಿ ಅದ್ದಿ ಕರಿದ ತೆಂಪುರಾಗೆ ಕಿರೆ ಚೊಕ್ಕವಾಗಿರುವುದು ಅಥವಾ ನೊರೆಯೇಳುವ ಸಾಕೆ ಇರಲಿ, ಎಣ್ಣೆಯ ಜಿಡ್ಡು ತೊಳೆದಂತಾಗುತ್ತದೆ. ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿಯಾದ ಯಾಕಿತೊರಿಗೆ ಬರೀ ಉಪ್ಪು ಹಾಕಿದ್ದರೆ ಹೊಂಜೋಜೋ, ಸಿಹಿ ಸೋಯಾ ಸಾಸ್ ಬಳಿದಿದ್ದರೆ 45 ಡಿಗ್ರಿಯ ಯಾಮಾಹಾಯ್. ಮಿಸೊದಲ್ಲಿ (ಹುದುಗಿಸಿದ ಸೋಯಾ ಹಿಟ್ಟು) ಬೇಯಿಸಿದ ಸಾಬಾ ಮೀನು, ಸಾರಿನಲ್ಲಿ ಕುದಿಸಿದ ಚಳಿಗಾಲದ ಓದೆನ್, ಅಣಬೆಯ ನಾಬೆಗೆ (ಒಂದೇ ಪಾತ್ರೆಯ ಬಿಸಿ ಸಾರು) 50 ಡಿಗ್ರಿಯವರೆಗೆ ಬಿಸಿ ಮಾಡಿದ ಜುನ್ಮಾಯ್. ಪಾರ್ಮೆಸಾನ್‌ನಂಥ ಹಳೆಯ ಚೀಸ್, ಹುರಿದ ಬಾದಾಮಿ, ಕಹಿ ಚಾಕೊಲೇಟಿನ ಸಾಲಿಗೆ ಕೊಶು.

ಗಿಂಜೋವನ್ನು ಊಟದ ಆರಂಭಕ್ಕೆ ಇಡಿ. ನಿಂಬೆ ಹಿಂಡಿದ ಸಿಗಡಿ, ಸೌತೆಯ ಕೋಸಂಬರಿಯಂಥ ಹಸಿ ತರಕಾರಿಗಳಿಗೆ ಅದರ ಘಮ ಜೊತೆಯಾಗುತ್ತದೆ.

ನಮ್ಮ ಕರಾವಳಿಯ ಅಡುಗೆಯ ಪಕ್ಕ ಸಾಕೆ ಇಡುವವರು ಎರಡು ವಿಷಯ ನೆನಪಿಡಬೇಕು. ಆಲ್ಕೊಹಾಲ್ ಮೆಣಸಿನ ಖಾರವನ್ನು ಹೆಚ್ಚಿಸುತ್ತದೆ, ಬಿಸಿ ಸಾಕೆ ಇನ್ನಷ್ಟು. ಹುಣಸೆಯ ಹುಳಿ ಗಿಂಜೋವನ್ನು ಸಪ್ಪೆ ಮಾಡುತ್ತದೆ. ಹಾಗಾಗಿ ಕೆಂಪು ಗಸಿಗೆ (ಗಟ್ಟಿ ಸಾರಿಗೆ) ತಣ್ಣನೆಯ, ತುಸು ಸಿಹಿಯ ನಿಗೊರಿ ಆರಿಸಿ. ಖಾರ ಕಡಿಮೆ ಹಾಕಿದ ಕಾಣೆ ಮೀನಿನ ರವಾ ಫ್ರೈಗೆ ಮಾತ್ರ ಯಾಮಾಹಾಯ್ ಅಚ್ಚುಕಟ್ಟಾಗಿ ಹೊಂದುತ್ತದೆ.

ತೆರೆದ ಮೇಲೆ

ಬಾಟಲಿಯನ್ನು ನಿಲ್ಲಿಸಿಯೇ ಇಡಿ, ಮಲಗಿಸಿದರೆ ಗಾಳಿಗೆ ತೆರೆದುಕೊಳ್ಳುವ ಜಾಗ ಹೆಚ್ಚಾಗುತ್ತದೆ. ನಾಮಾ ಸಾಕೆ ತೆರೆಯುವ ಮೊದಲೂ ಆಮೇಲೂ 5 ಡಿಗ್ರಿಗಿಂತ ತಂಪಿನಲ್ಲಿರಲಿ, ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಗಿಂಜೋಗೆ ಫ್ರಿಜ್ಜಿನಲ್ಲಿ ಒಂದು ವಾರ, ಗಟ್ಟಿ ಜುನ್ಮಾಯ್‌ಗೆ ಎರಡು-ಮೂರು ವಾರ. ಕೆಲವು ಯಾಮಾಹಾಯ್‌ಗಳು ತೆರೆದ ಮೂರನೆಯ ದಿನ ಮೊದಲ ದಿನಕ್ಕಿಂತ ಮೆದುವಾಗಿ ಕುಡಿಯಲು ಹಿತವಾಗುತ್ತವೆ.

ಘಮ ಹೋದರೂ ಕೆಡದೆ ಉಳಿದದ್ದು ಅಡುಗೆಗೆ ಬರುತ್ತದೆ. ಮರಳು ಬಿಡಿಸಿ ತೊಳೆದ 300 ಗ್ರಾಂ ಮರುವಾಯಿಗೆ 50 ಮಿ.ಲೀ. ಸಾಕೆ, ಎರಡು ಬಿಲ್ಲೆ ಶುಂಠಿ ಹಾಕಿ, ಮುಚ್ಚಳ ಮುಚ್ಚಿ ಜೋರು ಉರಿಯಲ್ಲಿ ಚಿಪ್ಪು ಬಾಯ್ಬಿಡುವವರೆಗೆ, ಮೂರ್ನಾಲ್ಕು ನಿಮಿಷ, ಬೇಯಿಸಿ. ಉಪ್ಪು ಬೇಡ, ಚಿಪ್ಪಿನೊಳಗಿನ ಕಡಲ ನೀರೇ ಸಾಕು. ಬಾಯ್ಬಿಡದೆ ಉಳಿದವನ್ನು ಎಸೆಯಿರಿ. ತಳದಲ್ಲಿ ನಿಂತ ತಿಳಿ ರಸವನ್ನು ಬಟ್ಟಲಿಗೆ ಬಗ್ಗಿಸಿ ಬಿಸಿಯಿರುವಾಗಲೇ ಬಡಿಸಿ, ಪಕ್ಕದಲ್ಲಿ ಅದೇ ಬಾಟಲಿಯ ಸಾಕೆ 40 ಡಿಗ್ರಿಯಲ್ಲಿರಲಿ.